ಪಪ್ಪಾಯಿ ಮುಟ್ಟದ ಹಕ್ಕಿ

ಗಿಡುಗಗಳನ್ನು ಗುರುತಿಸುವ ವಿದ್ಯೆ ಎಲ್ಲರಿಗೂ ಒಲಿಯುವುದಿಲ್ಲ. ನನಗೆ ಆರೇ ತಿಂಗಳಲ್ಲಿ ಒಲಿದಿತ್ತು! ವಿಮಾ ಕಚೇರಿಯವರು ಹುಬ್ಬಳ್ಳಿಯಿಂದ ವಡೋದರಾಕ್ಕೆ ಎತ್ತಿ ಹಾಕಿದ ಮೇಲೆ, ಭಾನುವಾರ ಕಳೆಯಲೆಂದು ಒಂದು ದುರ್ಬೀನು, ಒಂದು ಪುಸ್ತಕ ಕೊಂಡಿದ್ದೆ. ಆಕಾಶದಲ್ಲಿ ಚುಕ್ಕೆಯಷ್ಟು ಕಂಡರೆ ಸಾಕು, "ಶಿಕ್ರಾ ಗಿಡುಗ, ಹೆಣ್ಣು, ಎರಡನೇ ವರ್ಷ" ಎಂದು ತೀರ್ಪು ಕೊಡುತ್ತಿದ್ದೆ. ಯಾವ ಚುಕ್ಕೆಯೂ ಕೆಳಗಿಳಿದು ಬಂದು ತಕರಾರು ಮಾಡಿರಲಿಲ್ಲ.

ಉತ್ತರಾಯಣದ ಮಧ್ಯಾಹ್ನ ಒಂದು ಇಳಿದು ಬಂತು. ನಮ್ಮ ಸಂಕ್ರಾಂತಿಯ ದಿನ ಇಲ್ಲಿ ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತದೆ. ಗಾಜಿನ ಪುಡಿ ಸವರಿದ ದಾರಕ್ಕೆ ಹಕ್ಕಿಗಳ ರೆಕ್ಕೆ ಸಿಕ್ಕಿ ಕೊಯ್ದುಹೋಗುತ್ತದೆ. ಮಂಜಲ್‌ಪುರದ ನಮ್ಮ ತಾರಸಿಯ ಮೇಲೆ, ಊಂಧಿಯು-ಜಿಲೇಬಿ ತಟ್ಟೆಗಳ ನಡುವೆ, ಅದು ಧೊಪ್ಪನೆ ಬಿತ್ತು. ಬೂದು ಬೆನ್ನು, ಹಳದಿ ಕಣ್ಣು, ಪಟ್ಟೆ ಬಾಲ. ಒಂದು ರೆಕ್ಕೆಯಲ್ಲಿ ರಕ್ತ.

ನಮ್ಮ ವಸತಿ ಸೊಸೈಟಿಯ ಚೇರ್‌ಮನ್ ಜಿಗ್ನೇಶ್‌ಭಾಯಿ ಎರಡು ಹೆಜ್ಜೆ ಹಿಂದೆ ಸರಿದರು. "ಸಾಹೇಬ್, ಯೇ ನಾನ್‌ವೆಜ್ ತೋ ನಹೀ ಹೈ ನಾ?"

ನಮ್ಮ ಗೇಟಿನೊಳಗೆ ಮೊಟ್ಟೆ ಕೂಡ ಬರುವಂತಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಪುಸ್ತಕದ ಒಂದು ಪುಟದಲ್ಲಿ ಶಿಕ್ರಾ, ಅಪ್ಪಟ ಮಾಂಸಾಹಾರಿ. ಎದುರು ಪುಟದಲ್ಲಿ ಥೇಟ್ ಅದರದೇ ವೇಷ ಹಾಕಿದ ಪಪೀಹಾ. ಕೋಗಿಲೆಯ ಬಳಗ, ಹಣ್ಣು-ಕಂಬಳಿಹುಳು ತಿಂದುಕೊಂಡಿರುವ ಸಾಧು. ನಾನು ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ: "ಪಪೀಹಾ! ಶುದ್ಧ ವೆಜಿಟೇರಿಯನ್!" ಕಂಬಳಿಹುಳುವಿನ ವಿಷಯವನ್ನು ಸಭೆಯ ಹಿತದೃಷ್ಟಿಯಿಂದ ಕೈಬಿಟ್ಟೆ. ಚಪ್ಪಾಳೆ ಬಿತ್ತು!

ಮನೆಯಲ್ಲಿ ಹೆಂಡತಿ ಸುಮಾ ರಟ್ಟಿನ ಡಬ್ಬದೊಳಗೆ ಇಣುಕಿದಳು. "ರೀ, ಕೊಕ್ಕು ನೋಡ್ರಿ, ಹೆಂಗ ಬಾಗೇತಿ. ಪಪ್ಪಾಯಿ ತಿನ್ನಾಕ ಇಂಥಾ ಉಗುರು ಯಾಕ್ರಿ ಬೇಕು? ಹಕ್ಕಿ ದವಾಖಾನಿಗೆ ಫೋನ್ ಮಾಡ್ರಿ."

"ಮನ್ಯಾಗ ತಜ್ಞ ಕುಂತಿರುವಾಗ ದವಾಖಾನಿ ಯಾಕ?" ಎಂದೆ. ಹಾಗೆನ್ನುವಾಗ ಆ ಸಾಧುವಿನ ಉಗುರು ನನ್ನ ಹೆಬ್ಬೆರಳಿನೊಳಗೆ ನಾಟಿತ್ತು. ಹಿತ್ತಲ ಗಿಡ ಮದ್ದಲ್ಲ, ನೋಡಿ!

ಮೊದಲ ದಿನ ಪಪ್ಪಾಯಿ ಇಟ್ಟೆ. ಮುಟ್ಟಲಿಲ್ಲ. ಎರಡನೇ ದಿನ ಅಂಜೂರ. ಜಿಗ್ನೇಶ್‌ಭಾಯಿಯ ತಾಯಿ ನೆನೆಸಿದ ಹೆಸರುಕಾಳು ಕಳಿಸಿದರು. ಹಕ್ಕಿ ಕಾಳನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿತ್ತು.

"ಹೆದರೇತಿ, ಅದಕ್ಕ ಹಸಿವಿಲ್ಲ," ಎಂದೆ.

"ಹಸಿವಿಲ್ಲಂತ ನಿಮ್ಮ ಕಿವ್ಯಾಗ ಹೇಳೇತೇನು? ಉಪವಾಸ ಸಾಯಾಕತ್ತೈತ್ರಿ ಅದು!"

ಸಂಜೆ ಕಳ್ಳನಂತೆ ಹೋಗಿ ಅದರ ಬೆರಳು ಎಣಿಸಿದೆ. ಮುಂದೆ ಮೂರು, ಹಿಂದೆ ಒಂದು. ಪಪೀಹಾಗೆ ಮುಂದೆರಡು, ಹಿಂದೆರಡು ಎನ್ನುತ್ತಿತ್ತು ಪುಸ್ತಕ. ಅಚ್ಚಿನ ತಪ್ಪಿರಬೇಕು ಎಂದು ಪುಸ್ತಕ ಮುಚ್ಚಿಟ್ಟೆ. ನಿಜ ಹೇಳಲೇ? ನನಗೆ ಆಗಲೇ ಗೊತ್ತಾಗಿತ್ತು. ಚಪ್ಪಾಳೆ ತಟ್ಟಿಸಿಕೊಂಡ ಬಾಯಿಯಿಂದ "ತಪ್ಪಾಯ್ತು" ಎನ್ನಲು ನಾಚಿಕೆ, ಅಷ್ಟೇ.

ಮೂರನೇ ದಿನ ಬೆಳಿಗ್ಗೆ ಸುಮಾ ನನ್ನನ್ನು ಕೇಳದೆ ಡಬ್ಬ ಎತ್ತಿಕೊಂಡು ಆಟೋ ಹತ್ತಿದಳು. ಓಡಿ ಹೋಗಿ ನಾನೂ ಹತ್ತಿದೆ. ಹಕ್ಕಿ ದವಾಖಾನೆಯ ಡಾಕ್ಟರಮ್ಮ ಮುಚ್ಚಳ ತೆಗೆದರು. ಅಷ್ಟರಲ್ಲಿ ಅದು ಸತ್ತಿತ್ತು.

"ಶಿಕ್ರಾ," ಎಂದರು, ಯಾವ ಪುಸ್ತಕವನ್ನೂ ನೋಡದೆ. "ಘಾವ್ ತೋ ಛೋಟಾ ಥಾ. ಖಿಲಾಯಾ ಕ್ಯಾ?" ಗಾಯ ಚಿಕ್ಕದೇ, ತಿನ್ನಿಸಿದ್ದೇನು ಎಂದು ಕೇಳುತ್ತಿದ್ದರು.

"ಪಪ್ಪಾಯಿ," ಎಂದೆ.

ಅವರು ಹಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಖಾಲಿ ಡಬ್ಬವನ್ನು ಸುಮಾಳ ಕೈಗೆ ಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬರುವಾಗ ಆಟೋದಲ್ಲಿ ಸುಮಾ ಖಾಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ನಾನು ಹೆಬ್ಬೆರಳ ಗಾಯ ನೋಡುತ್ತ ಕೂತೆ. ಅದು ಮಾತ್ರ ಚೆನ್ನಾಗಿ ಮಾಯುತ್ತಿತ್ತು.

ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ, ಪಪೀಹಾ ರಕ್ಷಿಸಿದ ಪಕ್ಷಿತಜ್ಞರಿಗೆ ಅಭಿನಂದನೆ ಅಂಟಿಸಿದ್ದರು. ಕಿತ್ತು ಹಾಕುವ ಧೈರ್ಯವೂ ನನಗೆ ಬರಲಿಲ್ಲ.

ಮುಂದಿನ ಭಾನುವಾರ ಜಿಗ್ನೇಶ್‌ಭಾಯಿ ಬಾಗಿಲು ಬಡಿದರು. ಕೈಯಲ್ಲಿ ಚಪ್ಪಲಿ ಡಬ್ಬ, ಒಳಗೆ ದಾರಕ್ಕೆ ಸಿಕ್ಕಿದ ಇನ್ನೊಂದು ಹಕ್ಕಿ. "ಸಾಹೇಬ್, ಯೇ ಕೌನ್ಸಾ ಹೈ?"

"ಮುಝೇ ಪತಾ ನಹೀ," ಎಂದೆ. "ಉಸ್ ದಿನ್ ಭೀ ಪತಾ ನಹೀ ಥಾ." ತಕ್ಷಣ ದವಾಖಾನೆಯ ನಂಬರ್ ಒತ್ತಿದೆ. ಎಂಥ ಹಕ್ಕಿ ಎಂದು ಆ ಕಡೆಯಿಂದ ಕೇಳಿದರು. ಅವರಿಗೂ ಅದನ್ನೇ ಹೇಳಿದೆ: ಗೊತ್ತಿಲ್ಲ, ಆ ದಿನವೂ ಗೊತ್ತಿರಲಿಲ್ಲ.

ಸುಮಾ ನನ್ನ ಭುಜದ ಮೇಲಿಂದ ಡಬ್ಬದೊಳಗೆ ಇಣುಕಿದಳು.

"ರೀ," ಎಂದಳು ಮೆಲ್ಲಗೆ, "ಅದು ಪಾರಿವಾಳ ಐತ್ರಿ."