ಬೆಟ್ಟ ಇಳಿದ ನನ್ನ ಬಲಗಾಲು

"ಬೆಟ್ಟ ಇಳಿಯೋದಕ್ಕೆ ಅದೇನು ಮಹಾ ವಿದ್ಯೆ ಬೇಕು? ಹತ್ತೋದಾದ್ರೆ ಸರಿ, ಕಷ್ಟ ಅಂತ ಒಪ್ಕೋತೀನಿ. ಇಳಿಯೋದನ್ನ ಕಲ್ಲೂ ಮಾಡುತ್ತೆ!"

ಈ ಅಮೃತವಾಣಿ ನನ್ನ ಬಾಯಿಂದ ಹೊರಬಿದ್ದದ್ದು ಊಟದ ಮೇಜಿನ ಮುಂದೆ. ಎದುರಿಗೆ ಹೆಂಡತಿಯ ತಮ್ಮ ಕೂತಿದ್ದ. ಅವನಿಗೆ ಬೆಟ್ಟದ ಬುಡದಲ್ಲಿ ಸೈಕಲ್ ಅಂಗಡಿ. ಜನರನ್ನೂ ಸೈಕಲ್ಲುಗಳನ್ನೂ ವ್ಯಾನಿನಲ್ಲಿ ತುದಿಗೆ ಸಾಗಿಸಿ, ಅಲ್ಲಿಂದ ಕಾಡಿನ ಕಡಿದಾದ ಜಾಡಿನಲ್ಲಿ ಇಳಿಸಿಕೊಂಡು ಬರುವುದು ಅವನ ಕಸುಬು. ಫೋನಿನಲ್ಲಿ ಆ ಜಾಡಿನ ವಿಡಿಯೋ ತೋರಿಸುತ್ತ, "ಇದು ಸುಲಭ ಅಲ್ಲ ಭಾವ. ಚೆನ್ನಾಗಿ ಪಳಗಿದವರೇ ಅರ್ಧ ದಾರೀಲಿ ಇಳಿದು ಸೈಕಲ್ ತಳ್ಕೊಂಡು ಬರ್ತಾರೆ" ಅಂದಿದ್ದ. ಅದಕ್ಕೇ ನಾನು ಕಲ್ಲಿನ ಮಾತೆತ್ತಿದ್ದು.

"ಕಲ್ಲಿಗೆ ಮಂಡಿನೋವಿಲ್ಲ ರೀ" ಅಂದಳು ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ.

ನಾನು ಯಾರೆಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು! ನಮ್ಮೂರಿನ ರಸ್ತೆಗಳಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ನನ್ನ ಬೈಗುಳ ತಿಂದು ಪಳಗಿದವರು. ಹಲ್ಲಿನ ಡಾಕ್ಟರು, ಹೈಸ್ಕೂಲಿನ ಹೆಡ್‌ಮಿಸ್ಸು, ಕೊನೆಗೆ ಟ್ರಾಫಿಕ್ ಪೊಲೀಸರೊಬ್ಬರು ಕೂಡ ನನ್ನ ಪಕ್ಕ ಕೂತು ಬೆವರಿದ್ದಾರೆ. ನನ್ನ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ನನ್ನ ಕಾಲಡಿ ಇನ್ನೊಂದು. ಅವರು ಎಡವಟ್ಟು ಮಾಡುವ ಮೊದಲೇ ನನ್ನ ಬಲಗಾಲು ಅದನ್ನು ಒತ್ತಿಬಿಟ್ಟಿರುತ್ತದೆ. ತಲೆಯ ಅಪ್ಪಣೆಗೆ ಅದು ಕಾಯುವುದೇ ಇಲ್ಲ! ಸಿನಿಮಾ ನೋಡುವಾಗ ಪರದೆಯ ಮೇಲೆ ಲಾರಿ ನುಗ್ಗಿ ಬಂದರೆ ಮುಂದಿನ ಸೀಟಿನವರ ಬೆನ್ನಿಗೆ ಒದೆ ಬೀಳುತ್ತದೆ. ಒಮ್ಮೆ ಕನಸಿನಲ್ಲಿ ಎಮ್ಮೆ ಅಡ್ಡ ಬಂದು ಹೆಂಡತಿ ಮಂಚದಿಂದ ಕೆಳಗೆ ಬಿದ್ದಿದ್ದಳು.

ಊರಿಗೆಲ್ಲ ಕಲಿಸಿದ ನಾನು ಕಲಿಸಲಾಗದೆ ಹೋದದ್ದು ಅವಳೊಬ್ಬಳಿಗೆ. ದೀಪದ ಬುಡದಲ್ಲೇ ಕತ್ತಲು! ಅವಳು ಸ್ಟಿಯರಿಂಗ್ ಹಿಡಿದಾಗಲೆಲ್ಲ ಕಾರು ನಮ್ಮ ಬೀದಿಯ ತಿರುವು ದಾಟಿದ್ದೇ ಇಲ್ಲ. ಕುಪ್ಪಳಿಸಿ, ಕೆಮ್ಮಿ, ಅಲ್ಲೇ ಆಫ್ ಆಗುತ್ತಿತ್ತು.

"ನಿನಗೆ ಡ್ರೈವಿಂಗ್ ಒಗ್ಗಲ್ಲ ಕಣೇ."

"ನೀವು ಬ್ರೇಕ್ ಒತ್ತದಿದ್ರೆ ಒಗ್ಗುತ್ತೆ ರೀ."

"ನಾನು ಒತ್ತದಿದ್ರೆ ಆ ಟೈಲರ್ ಅಂಗಡಿ ಗೋಡೆ ಉಳಿಯಲ್ಲ!"

"ಗೋಡೆ ಅಲ್ಲೆಲ್ಲೋ ಇದೆ. ನಾವಿನ್ನೂ ಇಲ್ಲೇ ಇದೀವಿ."

ಇದು ನಮ್ಮ ಮನೆಯ ಹಳೆಯ ಜಗಳ. ಕೆಲವು ತಿಂಗಳಿಂದ ಅವಳು ಅದರ ಸುದ್ದಿ ಬಿಟ್ಟಿದ್ದಳು. ಸೋತು ಸುಮ್ಮನಾದಳು ಎಂದು ನಾನು ಹಿಗ್ಗಿದ್ದೆ. ಆ ದಿನ ಊಟದ ಮೇಜಿನಲ್ಲಿ ಅದು ಮತ್ತೆ ಎದ್ದು ಕೂತಿತು.

"ಹಾಗಾದ್ರೆ ಇಳಿದು ತೋರಿಸಿ" ಅಂದಳು. "ಬೀಳದೆ ಕೆಳಗೆ ಬಂದ್ರೆ ನಾನು ಈ ಜನ್ಮದಲ್ಲಿ ಸ್ಟಿಯರಿಂಗ್ ಮಾತೆತ್ತಲ್ಲ. ಬಿದ್ರೆ, ಅಲ್ಲಿಂದ ಮನೇವರೆಗೂ ಕಾರು ನಾನು ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತ್ಕೋಬೇಕು. ಬಾಯಿಗೂ ಬೀಗ, ಕಾಲಿಗೂ ಬೀಗ."

"ಬಿದ್ರೆ ತಾನೇ!"

"ಅಕ್ಕಾ, ಭಾವನಿಗೆ ಇದು ಬೇಡ್ವೇ" ಅಂದ ತಮ್ಮ.

"ನೀನು ಸುಮ್ನಿರೋ. ಹೆಲ್ಮೆಟ್ ಮಾತ್ರ ಗಟ್ಟಿ ಇರೋದು ನೋಡಿ ಕೊಡು."

ಭಾನುವಾರ ಬೆಳಿಗ್ಗೆ ಸೈಕಲ್ ಅಂಗಡಿಯ ಅಂಗಳದಲ್ಲಿ ನನ್ನ ಶೃಂಗಾರ ನಡೆಯಿತು. ಗದ್ದದವರೆಗೂ ಮುಚ್ಚುವ ಹೆಲ್ಮೆಟ್, ಮಂಡಿಗೆ ಚಿಪ್ಪು, ಮೊಣಕೈಗೆ ಚಿಪ್ಪು, ಬೆನ್ನಿಗೊಂದು ಹಲಗೆ. ಯುದ್ಧಕ್ಕೆ ಹೊರಟ ಆಮೆಯ ಹಾಗೆ ಕಂಡೆನೋ ಏನೋ, ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭಾವಮೈದ ಸೈಕಲ್ಲಿನ ಸೀಟನ್ನು ಪೂರ್ತಿ ಕೆಳಗಿಳಿಸಿ ಪಾಠ ಶುರುಮಾಡಿದ.

"ಭಾವ, ಬ್ರೇಕು ಎರಡೂ ಕೈಯಲ್ಲೇ ಇದೆ. ಒಂದೇ ಬೆರಳಲ್ಲಿ ಮೆತ್ತಗೆ ಹಿಡೀರಿ. ಪೆಡಲ್ ಎರಡೂ ಸಮ ಇಟ್ಕೊಂಡು ಅದರ ಮೇಲೆ ನಿಂತ್ಕೊಳ್ಳಿ, ಸೊಂಟ ಹಿಂದಕ್ಕೆ. ಕಾಲಿಗೆ ಏನೂ ಕೆಲಸ ಇಲ್ಲ."

"ಅದೆಲ್ಲ ಇರಲಿ, ಕನ್ನಡಿ ಎಲ್ಲಯ್ಯಾ?"

"ಕನ್ನಡಿ ಇರಲ್ಲ ಭಾವ."

"ಹಾರ್ನ್?"

"ಇರಲ್ಲ."

"ಇದನ್ನ ಗಾಡಿ ಅಂತ ಹೇಗಯ್ಯಾ ಕರೀತೀಯ?" ಎಂದು ನಾನು ಗದರಿದೆ. ಮೇಷ್ಟ್ರಿಗೆ ಪಾಠ ಹೇಳಿಸಿಕೊಂಡು ಅಭ್ಯಾಸವಿರುವುದಿಲ್ಲ, ನೋಡಿ. ಕಾರಿನ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟು, "ಹೋಗಿ ಬರ್ತೀನಿ, ಈ ದಿನದ ಡ್ರೈವರ್ ಸೀಟೂ ನಂದೇ" ಎಂದು ವ್ಯಾನ್ ಹತ್ತಿದೆ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಟ್ಟಿದವನು ಯಾರೋ ಗೊತ್ತಿಲ್ಲ, ಅವನಿಗೂ ನನ್ನ ಹಾಗೊಬ್ಬ ಭಾವಮೈದನಿದ್ದಿರಬೇಕು. ತುದಿಯಲ್ಲಿ ನಿಂತು ಇಣುಕಿದೆ. ಕೆಳಗೆ ನಮ್ಮ ಕಾರು ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು. ಅದಕ್ಕೂ ನನಗೂ ನಡುವೆ ಬಂಡೆಗಳು, ಬೇರುಗಳು, ಮರಗಳು ಇದ್ದವು. ದಾರಿ ಮಾತ್ರ ಇರಲಿಲ್ಲ.

"ದಾರಿ ಎಲ್ಲೋ?"

"ಅದೇ ಭಾವ, ನಿಮ್ಮ ಮುಂದೇನೇ ಇದೆ."

"ಅದು ಮಳೆನೀರು ಕೊರೆದ ಹಳ್ಳ ಕಣೋ!"

"ಅದೇ ದಾರಿ."

ವ್ಯಾನಿನಲ್ಲೇ ಇಳಿದುಹೋಗೋಣವೇ ಎಂದು ಹಿಂದಿರುಗಿ ನೋಡಿದರೆ ಆ ಪುಣ್ಯಾತ್ಮ ಚಾಲಕ ಆಗಲೇ ಗಾಡಿ ತಿರುಗಿಸಿಕೊಂಡು ಹೊರಟುಹೋಗಿದ್ದ. ಅವನೂ ನನ್ನ ಶಿಷ್ಯನೇ. ಗುರುವನ್ನು ಹೀಗೆ ನಡುನೀರಿನಲ್ಲಿ ಬಿಡಬಾರದಿತ್ತು.

ಮನಸ್ಸು ಗಟ್ಟಿಮಾಡಿ ಹೊರಟೆ. ಮೊದಲ ಇಳಿಜಾರು ಮೆತ್ತಗೆ ಕಳೆಯಿತು. ಇಷ್ಟೇ ತಾನೇ ಅಂದುಕೊಳ್ಳುವಷ್ಟರಲ್ಲಿ ಮರದ ಬೇರುಗಳ ಮೆಟ್ಟಿಲೊಂದು ಎದುರಾಯಿತು. ಜೀವ ಬಾಯಿಗೆ ಬಂತು. ಅದರ ಹಿಂದೆಯೇ ನನ್ನ ಬಲಗಾಲು ತನ್ನ ಕರ್ತವ್ಯಕ್ಕೆ ಬಂತು. ಸರ್ವಶಕ್ತಿಯಿಂದ ಒತ್ತಿತು!

ಕಾರಿನಲ್ಲಿ ಬಲಗಾಲು ಒತ್ತಿದರೆ ಗಾಡಿ ನಿಲ್ಲುತ್ತದೆ. ಸೈಕಲ್ಲಿನಲ್ಲಿ ಒತ್ತಿದರೆ ಓಡುತ್ತದೆ! ಈ ಸರಳ ಸತ್ಯ ಚಿಕ್ಕ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಸೈಕಲ್ ಚಂಗನೆ ಮುಂದೆ ನೆಗೆಯಿತು. ನಾನು ಇನ್ನಷ್ಟು ಹೆದರಿದೆ. ಹೆದರಿದಷ್ಟೂ ಒತ್ತಿದೆ, ಒತ್ತಿದಷ್ಟೂ ಅದು ಓಡಿತು, ಓಡಿದಷ್ಟೂ ಹೆದರಿದೆ. ಎಡಗಾಲು ಪಾಪದ ಪ್ರಾಣಿ. ಬಲಗಾಲನ್ನು ಮತ್ತೆ ಮೇಲೆತ್ತಿ ಕೊಡುವುದಷ್ಟೇ ಅದರ ಪಾಲಿನ ಕೆಲಸವಾಯಿತು.

ಬೇರುಗಳ ಮೇಲೆ ದಡಬಡನೆ ಹಾರಿ ಹೋದೆ. ಹಿಂದಿನಿಂದ ಭಾವಮೈದ ಕಿರುಚಿದ: "ಭಾವಾ, ಸೂಪರ್! ಬೇರಿನ ಮೇಲೆ ಹೀಗೇ ಜೋರಾಗಿ ಹೋಗ್ಬೇಕು! ಹಾಗೇ ತುಳೀರಿ!"

"ನಾನು ತುಳೀತಿಲ್ಲ ಕಣೋ! ನಿಲ್ಲಿಸ್ತಿದೀನಿ!"

ಹೆಲ್ಮೆಟ್ಟಿನೊಳಗಿನ ಮಾತು ಹೆಲ್ಮೆಟ್ಟಿನೊಳಗೇ ಉಳಿಯಿತು.

ಮುಂದೆ ಬಲಕ್ಕೊಂದು ತಿರುವು. ತಿರುವಿಗೆ ಮೊದಲು ಸಿಗ್ನಲ್ ಕೊಡದವರು ಮನುಷ್ಯರೇ ಅಲ್ಲ ಎಂದು ಇಷ್ಟು ವರ್ಷ ಕಲಿಸಿದ ಬಾಯಿ ನನ್ನದು. ಕೈ ತಾನಾಗಿಯೇ ಹ್ಯಾಂಡಲ್ ಬಿಟ್ಟು ಹೊರಗೆ ಚಾಚಿತು. ಯಾರಿಗೆ ಸಿಗ್ನಲ್? ಮರಗಳಿಗೆ! ಕೈ ಚಾಚಿದ ಭಾರಕ್ಕೆ ಮೈಯೆಲ್ಲ ಬಲಕ್ಕೆ ವಾಲಿ, ಸೈಕಲ್ಲೂ ವಾಲಿ, ತಿರುವು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ದಾಟಿಹೋಯಿತು. ಪಕ್ಕದಲ್ಲಿ ಇಬ್ಬರು ಸವಾರರು ಸೈಕಲ್ ಒರಗಿಸಿ ನೀರು ಕುಡಿಯುತ್ತಿದ್ದರು. ತಮಗೇ ಕೈ ಬೀಸಿದೆನೆಂದು ತಿಳಿದು ಅವರೂ ಬೀಸಿದರು. ನಾನು ಹಾರ್ನ್ ಇಲ್ಲದ ಕೊರತೆ ನೀಗಿಸಲು ಬಾಯಲ್ಲೇ "ಪೋಂ! ಪೋಂ!" ಎನ್ನುತ್ತ ಸಾಗಿದೆ.

ಆಮೇಲೆ ಬಂತು ಆ ಬಂಡೆ. ಅದರ ಈಚೆಗೆ ನೆಲವಿತ್ತು, ಆಚೆಗೆ ಬರೀ ಗಾಳಿ. ಎಲ್ಲರೂ ಇಳಿದು ಸೈಕಲ್ ಹೊತ್ತು ದಾಟುವ ಜಾಗವಂತೆ. ಭಾವಮೈದನ ದನಿಯೇ ಬದಲಾಯಿತು.

"ಭಾವಾ! ನಿಲ್ಲಿಸಿ! ನಿಲ್ಲಿಸೀ!"

ನಿಲ್ಲಿಸಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ವಿಧೇಯ ಬಲಗಾಲು ಜನ್ಮದಲ್ಲಿ ಎಂದೂ ಒತ್ತದಷ್ಟು ಜೋರಾಗಿ ಒತ್ತಿತು. ಹಾರಿದೆ! ಸತ್ಯವಾಗಿ ಹೇಳುತ್ತೇನೆ, ಕಣ್ಣು ಮುಚ್ಚಿಕೊಂಡಿದ್ದೆ. ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ದೇವರೂ ಅಲ್ಲ, ಹೆತ್ತವರೂ ಅಲ್ಲ; ಹಿಂದಿನ ವಾರ ಚಕ್ರ ಗೆರೆ ಮುಟ್ಟಿತೆಂದು ನಾನು ಬೈದು ಅಳಿಸಿದ್ದ ಬ್ಯಾಂಕಿನ ಕ್ಯಾಷಿಯರ್ ಹೆಣ್ಣುಮಗಳು. ಅಮ್ಮಾ, ಕ್ಷಮಿಸು ಅಂದೆ. ಧಡ್ ಎಂದು ಸೈಕಲ್ ನೆಲ ಮುಟ್ಟಿತು, ಎರಡು ಸಲ ಪುಟಿಯಿತು, ನೆಟ್ಟಗೆ ನಿಂತು ಓಡಿತು. ಕಣ್ಣು ತೆರೆದರೆ ನಾನು ಇನ್ನೂ ಅದರ ಮೇಲೇ ಇದ್ದೆ!

ಅಲ್ಲಿಂದಾಚೆಗೆ ನನ್ನ ಜಂಬಕ್ಕೆ ಮಿತಿಯಿರಲಿಲ್ಲ. ಕಾಡು ಮುಗಿದು ಹುಲ್ಲಿನ ಬಯಲು ತೆರೆದುಕೊಂಡಿತು. ಇಳಿಜಾರು ಸಪಾಟಾಯಿತು, ಸೈಕಲ್ ಸಾಧುಹಸುವಿನ ಹಾಗೆ ಮೆಲ್ಲಗೆ ನಡೆಯತೊಡಗಿತು. ಎದುರಿಗೆ ಅಂಗಡಿ, ಕಾರು ನಿಲ್ಲಿಸುವ ಅಂಗಳ. ಇನ್ನು ಅಷ್ಟು ದೂರ ಬೀಳದೆ ಉರುಳಿಬಿಟ್ಟರೆ ಆಯಿತು, ಸ್ಟಿಯರಿಂಗ್ ಮಾತು ಜನ್ಮಕ್ಕೆ ಮುಗಿಯಿತು. ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೊದಲು ಸ್ವಲ್ಪ ಗೇಲಿ, ಆಮೇಲೆ ದೊಡ್ಡ ಮನಸ್ಸಿನ ಕ್ಷಮೆ.

ಆಗ ನಮ್ಮ ಕಾರು ಅಲ್ಲಾಡಿತು.

ನೋಡುತ್ತೇನೆ, ಡ್ರೈವರ್ ಸೀಟಿನಲ್ಲಿ ನನ್ನ ಹೆಂಡತಿ! ಕಾರು ಹಿಂದಕ್ಕೆ ಸರಿಯುತ್ತಿದೆ! ಹಿಂದೆ ದೀಪದ ಕಂಬ!

"ಬ್ರೇಕ್! ಬ್ರೇಕ್! ಬ್ರೇಕ್!" ಎಂದು ಬೊಬ್ಬಿಟ್ಟೆ. ಬಲಗಾಲು ತನ್ನ ಬಾಳಿನ ಕಟ್ಟಕಡೆಯ ಬ್ರೇಕ್ ಎಂಬಂತೆ ಒತ್ತಿತು, ಒತ್ತಿತು, ಒತ್ತಿತು. ಬೆಟ್ಟವನ್ನೆಲ್ಲ ಗೆದ್ದು ಬಂದ ಸೈಕಲ್ ಸಪಾಟು ನೆಲದಲ್ಲಿ ಗುಂಡಿನಂತೆ ಹಾರಿ, ಅಂಗಳದ ಅಂಚಿನಲ್ಲಿ ಪೇರಿಸಿದ್ದ ಹಳೆಯ ಟೈರುಗಳ ರಾಶಿಗೆ ನುಗ್ಗಿತು. ಸೈಕಲ್ ಅಲ್ಲೇ ನಿಂತಿತು. ನಾನು ನಿಲ್ಲಲಿಲ್ಲ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಅದು ನಿಜವೇ. ಮೀಸೆ ಹೆಲ್ಮೆಟ್ಟಿನೊಳಗಿತ್ತು. ಮಿಕ್ಕದ್ದೆಲ್ಲ ಮಣ್ಣಾಯಿತು. ಬಲಗಾಲು ಒಂದು ಟೈರಿನೊಳಗೆ ಸಿಕ್ಕಿ ತಿರುಚಿಕೊಂಡಿತ್ತು.

ಕಾರು ಕಂಬದ ಪಕ್ಕ, ಮರದ ನೆರಳಿನಲ್ಲಿ, ಎರಡು ಬಿಳಿ ಗೆರೆಗಳ ನಡುವೆ ನೀಟಾಗಿ ನಿಂತಿತು. ಹೆಂಡತಿ ಇಳಿದು ಓಡಿ ಬಂದಳು.

"ಏನಾಯ್ತು ರೀ? ಯಾಕೆ ಹಾಗೆ ಕೂಗಿದ್ರಿ?"

"ಕಂಬ... ನೀನು... ಕಂಬಕ್ಕೆ..."

"ಕಂಬ ನಿಂತೇ ಇದೆ. ಬಿದ್ದಿರೋದು ನೀವು." ಕಾಲು ಮುಟ್ಟಿ ನೋಡಿದಳು. "ಬಿಸಿಲಿಗೆ ಸೀಟೆಲ್ಲ ಕಾದು ಹೋಗಿತ್ತು. ದಣಿದು ಬರ್ತೀರಲ್ಲ ಅಂತ ನೆರಳಿಗೆ ಹಾಕ್ತಿದ್ದೆ."

ನನಗೆ ಕಾಲಿನ ನೋವಿಗಿಂತ ಆ ಮಾತು ಹೆಚ್ಚು ನೋಯಿಸಿತು. ಹಿಂದೆಯೇ ಬಂದ ಭಾವಮೈದ ತಲೆ ಮೇಲೆ ಕೈ ಹೊತ್ತು ನಿಂತ. "ಅಕ್ಕಾ, ಆ ಬಂಡೇನ ಹಾರಿದ್ರು ಕಣೇ! ನಾನೇ ಈವರೆಗೆ ಹಾರಿಲ್ಲ! ಅಂಥವರು ಇಲ್ಲಿ ಬಂದು ಬೀಳೋದಾ?"

ಭಾವಮೈದ ನಮ್ಮ ಕಾರಿನಲ್ಲೇ ನನ್ನನ್ನು ಆಸ್ಪತ್ರೆಗೆ ಸಾಗಿಸಿದ. ಮೂಳೆ ಡಾಕ್ಟರು ಮಂಡಿಯವರೆಗೂ ಪ್ಲಾಸ್ಟರ್ ಸುತ್ತಿ, "ಈ ಕಾಲನ್ನ ಯಾವುದರ ಮೇಲೂ ಒತ್ತಬಾರದು" ಅಂದರು.

"ಯಾವುದರ ಮೇಲೂ?" ಹೆಂಡತಿ ಕೇಳಿದಳು.

"ಯಾವುದರ ಮೇಲೂ."

"ಇವರಿಗೆ ಕೇಳೋ ಹಾಗೆ ಇನ್ನೊಂದ್ಸಲ ಜೋರಾಗಿ ಹೇಳಿ ಡಾಕ್ಟ್ರೇ."

ಪಂದ್ಯ ಪಂದ್ಯವೇ, ಆಸ್ಪತ್ರೆಯಿಂದ ಮನೆಗೆ ಅವಳ ಸರದಿ. ಅವಳು ಡ್ರೈವರ್ ಸೀಟಿನಲ್ಲಿ, ನಾನು ಪಕ್ಕದಲ್ಲಿ. ಬಾಯಿಗೆ ಮಾತಿನ ಬೀಗ, ಕಾಲಿಗೆ ಪ್ಲಾಸ್ಟರಿನ ಬೀಗ. ಕಾರು ಹೊರಟಿತು. ಕುಪ್ಪಳಿಸಲಿಲ್ಲ, ಕೆಮ್ಮಲಿಲ್ಲ. ಮಾರುಕಟ್ಟೆಯ ಗಿಜಿಗಿಜಿಯಲ್ಲಿ ತಳ್ಳುಗಾಡಿ ಅಡ್ಡ ಬಂತು, ನನ್ನ ಬಲಗಾಲು ಪ್ಲಾಸ್ಟರಿನೊಳಗೇ ಒದ್ದಾಡಿ ಸುಮ್ಮನಾಯಿತು. ಅವಳು ಆರಾಮಾಗಿ ನಿಲ್ಲಿಸಿ, ಆರಾಮಾಗಿ ಹೊರಟಳು. ಏರಿನ ಸಿಗ್ನಲ್ಲಿನಲ್ಲಿ ಕಾರು ಒಂದು ಬೆರಳಷ್ಟೂ ಹಿಂದೆ ಸರಿಯಲಿಲ್ಲ. ನಮ್ಮ ಬೀದಿಯ ತಿರುವು ಬಂತು, ಹೋಯಿತು. ಟೈಲರ್ ಅಂಗಡಿಯ ಗೋಡೆ ಇದ್ದಲ್ಲೇ ಇತ್ತು! ಇಷ್ಟು ವರ್ಷ ಈ ಕಾರನ್ನು ಆಫ್ ಮಾಡಿಸುತ್ತಿದ್ದದ್ದು ಯಾರ ಕಾಲು ಎಂಬುದು ನನಗೆ ಅಲ್ಲಿ, ಆ ತಿರುವಿನಲ್ಲಿ ಅರ್ಥವಾಯಿತು. ನಾಚಿಕೆಯಾಯಿತು. ಜೊತೆಗೆ, ಸುಳ್ಳೇಕೆ ಹೇಳಲಿ, ಹೆಮ್ಮೆಯೂ ಆಯಿತು. ಎಷ್ಟಾದರೂ ಮೇಷ್ಟ್ರ ಹೆಂಡತಿ!

ಗೇಟಿನೊಳಗೆ ಒಂದೇ ಏಟಿಗೆ ರಿವರ್ಸ್ ಹಾಕಿ ನಿಲ್ಲಿಸಿದಳು. ಆ ಗೇಟಿನ ಕಂಬದ ಮೇಲಿರುವ ಗೀರು ನನ್ನದು.

"ಚೆನ್ನಾಗಿ ಓಡಿಸ್ತೀಯ ಕಣೇ" ಅಂದೆ. "ಇದನ್ನೆಲ್ಲ ಯಾವಾಗ ಕಲಿತೆ?"

"ಲೈಸೆನ್ಸ್ ಬಂದೇ ಎರಡು ತಿಂಗಳಾಯ್ತು ರೀ."

"ಕಲಿಸಿದ್ದು ಯಾರು?"

"ಎದುರಿನವರು."

ನನ್ನ ಸ್ಕೂಲಿನ ಎದುರಿಗೇ ಇನ್ನೊಂದು ಡ್ರೈವಿಂಗ್ ಸ್ಕೂಲಿದೆ. ಅದರ ಸುದ್ದಿಯನ್ನು ನಾನು ಮನೆಯಲ್ಲಿ ಎತ್ತುವುದಿಲ್ಲ. ಆದ್ದರಿಂದಲೇ ನಿಮಗೂ ಇಷ್ಟು ಹೊತ್ತು ಹೇಳಿರಲಿಲ್ಲ.

"ಲೈಸೆನ್ಸ್ ಇದ್ದಮೇಲೆ ಈ ಪಂದ್ಯ ಯಾಕೆ ಕಟ್ಟಿದೆ ಮಾರಾಯ್ತಿ?"

"ನನಗೆ ಓಡಿಸೋಕೆ ಬರುತ್ತೆ ಅಂತ ಊರಿಗೆಲ್ಲ ಗೊತ್ತು. ನೀವು ಒಂದ್ಸಲ ಪಕ್ಕದಲ್ಲಿ ಕೂತು, ಚೆನ್ನಾಗಿ ಓಡಿಸ್ತೀಯ ಅನ್ನಬೇಕಿತ್ತು. ಅಂದ್ರಲ್ಲ, ಸಾಕು." ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತು. ಅವಳು ಕಣ್ಣೊರೆಸಿಕೊಂಡು ಫೋನ್ ತೆಗೆದಳು. "ಇನ್ನು ಅವರಿಗೆ ಹೇಳಿಬಿಡ್ತೀನಿ."

"ಯಾರಿಗೆ?"

"ನನಗೆ ಕಲಿಸಿದವರಿಗೆ. ಪಾಪ, ನನ್ನ ಹತ್ರ ಫೀಸೇ ತಗೊಳ್ಳಲಿಲ್ಲ, ಒಂದು ಬೋರ್ಡ್ ಹಾಕ್ಕೋತೀನಿ ಅಂದ್ರು. ಮನೆಯವರಿಗೆ ಗೊತ್ತಾಗೋವರೆಗೂ ಬೇಡ ಅಂತ ತಡೆದಿಟ್ಟಿದ್ದೆ. ನಾಳೆ ಬೆಳಿಗ್ಗೇನೇ ಏರಿಸ್ತಾರೆ."

"ಏನಂತ ಬೋರ್ಡು?"

"ಎದುರಿನ ಮೇಷ್ಟ್ರ ಹೆಂಡತಿ ಕಲಿತದ್ದು ಇಲ್ಲೇ ಅಂತ. ಅಕ್ಷರ ದಪ್ಪದಪ್ಪಗೆ ಬರೆಸಿದ್ದಾರೆ ರೀ, ನಿಮ್ಮ ಸ್ಕೂಲಿನ ಕುರ್ಚೀಲಿ ಕೂತೇ ಓದಬಹುದು."