ಇಲ್ಲಿ ಅಡಿಗೆ ಗ್ಯಾಸು ತುಂಬುವುದಿಲ್ಲ

ಕಾರಿನ ಎಸಿ ರಿಪೇರಿ ಮಾಡುವವನಿಗೆ ಯಂತ್ರದ ಕಾಟಕ್ಕಿಂತ ಯಜಮಾನರ ಕಾಟವೇ ಹೆಚ್ಚು. ತೊಂಬತ್ತರ ದಶಕದಲ್ಲಿ ಚಿಕ್ಕೋಡಿಯಲ್ಲಿ ಗ್ಯಾರೇಜು ನಡೆಸಿದಷ್ಟು ದಿನವೂ ನನಗದು ತಪ್ಪಲಿಲ್ಲ.

೧. ಅರ್ಧ ಬೆಂದ ಬೇಳೆ

ಏಕಸಂಬಿಯ ಕಬ್ಬಿನ ಸಾವಕಾರರು ಒಂದು ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಮನೆಯ ಅಡಿಗೆ ಸಿಲಿಂಡರನ್ನೇ ಹೇರಿಕೊಂಡು ಬಂದರು.

"ನಿಮ್ಮ ತಂಪಿನ ಗ್ಯಾಸ್ ತುಟ್ಟಿ ಆತು. ಎಸಿಗೆ ಇದನ್ನ ತುಂಬ್ರಿ."

"ಇದು ಬೆಂಕಿ ಹತ್ತೋ ಗ್ಯಾಸ್ರಿ. ಪೈಪ್ ಸೋರಿ ಒಳಗ ಬಂತಂದ್ರ, ಬೀಡಿ ಹಚ್ಚಿದ ಕೂಡ್ಲೆ ಗಾಡಿ ಸಮೇತ ಹೋಗ್ತೀರಿ. ನಾ ತುಂಬಂಗಿಲ್ಲ."

"ಹಂಗಾರ ನಮ್ಮೂರ ಗಾಡಿ ಒಂದೂ ಇಲ್ಲಿ ಬರಂಗಿಲ್ಲ!"

"ಬರೂದು ಬ್ಯಾಡ್ರಿ. ಜೀವಂತ ಇದ್ರ ಸಾಕು."

ಅಷ್ಟರಲ್ಲಿ ಏಕಸಂಬಿ ಬಸ್ಸಿನಿಂದ ಅವರ ಹೆಂಡತಿ ಇಳಿದರು. ಮನೆಯಲ್ಲಿ ಬೀಗರು ಊಟಕ್ಕೆ ಕೂತಿದ್ದರಂತೆ.

"ಬ್ಯಾಳಿ ಅರ್ಧಾ ಬೆಂದೈತಿ. ಉಳಿದದ್ದು ಈ ಕಾರಿನ್ಯಾಗ ಬೇಯಿಸ್ತೀರೇನು?" ಎಂದರು.

೨. ಕಡ್ಡಿ ಪರೀಕ್ಷೆ

ಸಾವಕಾರರು ಸೋಲುವವರಲ್ಲ. ರಾಜ್ಯದ ಗಡಿಯಾಚೆ ಎಲ್ಲೋ ಅದೇ ಗ್ಯಾಸು ತುಂಬಿಸಿಕೊಂಡರು. ತಿಂಗಳೊಳಗೆ ತಂಪು ನಿಂತಿತು. ತಂಬಾಕಿನೂರು ನಿಪ್ಪಾಣಿಯವನಾದ ಅವರ ಡ್ರೈವರು ಬೀಡಿ ಸೇದುತ್ತಲೇ ಗಾಡಿ ತಂದ. ಬೀಡಿ ಕಿತ್ತು ನೀರಿನ ಬಕೀಟಿಗೆ ಎಸೆದೆ. ಬಾನೆಟ್ ಎತ್ತಿದರೆ ಅಡಿಗೆಮನೆಯ ವಾಸನೆ! ಪೈಪಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಹುಡುಕತೊಡಗಿದೆ.

"ಅದೆಲ್ಲಾ ಯಾಕ್ರಿ? ಒಂದು ಕಡ್ಡಿ ಗೀರಿದ್ರ ಲೀಕ್ ತಟ್ಟನ ಸಿಗತೈತಿ," ಎಂದ.

"ಲೀಕ್ ಸಿಗತೈತಿ. ಆಮ್ಯಾಲ ನಿನ್ನ ಹುಡುಕೂದು ಯಾರಲೇ?"

ಗ್ಯಾಸು ಖಾಲಿ ಮಾಡೋಣವೆಂದರೆ, ಸಾವಕಾರರು ಒಪ್ಪುವುದಿಲ್ಲವೆಂದು ಗಾಡಿ ಒಯ್ದುಬಿಟ್ಟ.

೩. ಖಂಡೇನವಮಿ

ಖಂಡೇನವಮಿಯ ಆಯುಧಪೂಜೆಗೆ ಗಿರಾಕಿಗಳೆಲ್ಲ ಗಾಡಿ ತೊಳೆದು ನನ್ನ ಗ್ಯಾರೇಜಿಗೆ ತರುತ್ತಿದ್ದರು. ಬಾನೆಟ್ ತೆರೆದು ಇಂಜಿನ್ನಿಗೆ ಆರತಿ ಬೆಳಗುವುದು ಪದ್ಧತಿ. ಸಾವಕಾರರೂ ಹೆಂಡತಿ, ಡ್ರೈವರು ಸಮೇತ ಬಂದರು, ನನ್ನ ಮಾನ ಕಳೆಯಲೆಂದೇ.

"ನೋಡ್ರೆಪಾ, ಅಡಿಗಿ ಗ್ಯಾಸಽ ತುಂಬ್ಸೇನಿ. ಏನರ ಆಗೇತೇನು? ಇಂವಾ ಸುಮ್ಮನ ಅಂಜಿಸ್ತಾನ!"

ಗಿರಾಕಿಗಳು ನನ್ನ ಮುಖ ನೋಡಿದರು. ಸಾವಕಾರರ ಮಾತು ನಂಬಿದರೆ ನಾಳೆಯಿಂದ ಎಲ್ಲರೂ ಗಡಿ ದಾಟುವವರೇ. ನನಗೆ ಸಿಟ್ಟು ನೆತ್ತಿಗೇರಿತು. ಹಚ್ಚದ ಕರ್ಪೂರದ ತಟ್ಟೆಯನ್ನೂ ಕಡ್ಡಿಪೆಟ್ಟಿಗೆಯನ್ನೂ ಸಾವಕಾರರ ಕೈಗಿಟ್ಟೆ. ಪೆಟ್ಟಿಗೆಯಲ್ಲಿ ಕಡ್ಡಿಯೇ ಇಲ್ಲವೆಂಬುದು ನನಗಷ್ಟೇ ಗೊತ್ತಿತ್ತು.

"ಬೆಳಗ್ರಿ ಸಾವಕಾರ್ರ. ಉಳದವ್ರೆಲ್ಲಾ ರಸ್ತೆ ಆಚೆ ನಡೀರಿ," ಎಂದು ಬಾನೆಟ್ ತೆರೆದೆ.

ಮೊದಲು ಓಡಿದ್ದು ಡ್ರೈವರು. ಅವನ ಹಿಂದೆಯೇ ಸಾವಕಾರರ ಹೆಂಡತಿ.

ಸಾವಕಾರರು ಇಂಜಿನ್ನಿನತ್ತ ಬಾಗಿ ಒಮ್ಮೆ ವಾಸನೆ ಎಳೆದರು: ಅದೇ ಅಡಿಗೆ ಗ್ಯಾಸು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. ಎರಡು ಹೆಜ್ಜೆ ಹಿಂದೆ ಸರಿದು, ದೊಡ್ಡ ದನಿಯಲ್ಲಿ ಹೇಳಿದರು:

"ದೇವ್ರು ಗಾಡಿ ತುಂಬಾ ಇರ್ತಾನ್ರಿ. ಸ್ಟೆಪ್ನಿ ಬಿಚ್ಚಿ ರಸ್ತೆ ಆಚೆ ಒಯ್ರಿ, ಅದಕ್ಕಽ ಬೆಳಗ್ತೀನಿ!"