ಎರಡು ಕೂಡಿ ಒಂದಾದ ಗುಳಿಗೆ

ಬಿ.ಪಿ. ಗುಳಿಗೆ ಬರೆದುಕೊಡುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಅದು ಪೇಶಂಟಿನ ಮನೆಯ ಹೊಸ್ತಿಲು ದಾಟಿದ ಮೇಲೆ ಏನೇನು ಅವತಾರ ತಾಳುತ್ತದೆ ಅನ್ನುವುದನ್ನು ಮಾತ್ರ ಯಾವ ಕಾಲೇಜೂ ನನಗೆ ಕಲಿಸಲಿಲ್ಲ. ಅಂಕಲಿಯ ನನ್ನ ದವಾಖಾನೆಗೆ ಇಂಥ ಅವತಾರಗಳು ವಾರ ತಪ್ಪದೆ ಬರುತ್ತವೆ. ಬೇಡಕಿಹಾಳದ ಒಂದು ಜೋಡಿಯಂತೂ ಇದರ ಗುತ್ತಿಗೆಯನ್ನೇ ಹಿಡಿದಂತಿದೆ. ಜೈನ ಮನೆತನ, ಕಬ್ಬಿನ ಹೊಲ, ಅಜ್ಜ-ಆಯಿ ಇಬ್ಬರಿಗೂ ಬಿ.ಪಿ. ಆಯಿಯ ಅಕ್ಕ ಇದೇ ಬಿ.ಪಿ. ಏರಿ ಲಕ್ವಾ ಹೊಡೆದು ಹಾಸಿಗೆ ಹಿಡಿದವರು. ಹಾಗಾಗಿ ಈ ಆಯಿಯದು ಸ್ವಲ್ಪ ಏರಿತೆಂದರೆ ನನಗೇ ಎದೆ ಹೊಡೆದುಕೊಳ್ಳುತ್ತದೆ.

೧. ಜೋಡೆತ್ತು

ಒಂದೇ ಔಷಧಕ್ಕೆ ಇಬ್ಬರ ಬಿ.ಪಿ.ಯೂ ಬಗ್ಗಲಿಲ್ಲ. ಅದರ ಡೋಸನ್ನೇ ಏರಿಸುತ್ತ ಹೋಗುವ ಬದಲು, ಬೇರೆ ಬೇರೆ ರೀತಿ ಕೆಲಸ ಮಾಡುವ ಎರಡು ಔಷಧಗಳನ್ನು ಸಣ್ಣ ಪ್ರಮಾಣದಲ್ಲಿ ಕೂಡಿಸಿ ಕೊಡೋಣವೆಂದು ಇಬ್ಬರಿಗೂ ಎರಡೆರಡು ಗುಳಿಗೆ ಬರೆದೆ. ಬಿಳಿಯದು ಮುಂಜಾನೆ, ಗುಲಾಬಿ ಸಂಜೆ. ಎರಡು ಯಾಕೆ ಎಂದು ಅಜ್ಜ ತಕರಾರು ತೆಗೆದರು. ಕಬ್ಬಿನ ಗಾಡಿಗೆ ಒಂದೇ ಎತ್ತು ಹೂಡುತ್ತೀರೇನು ಎಂದು ಕೇಳಿದೆ. ಅಜ್ಜನಿಗೆ ಪಟ್ಟನೆ ತಿಳಿಯಿತು. ಅಷ್ಟು ಬೇಗ ತಿಳಿದಾಗಲೇ ನನಗೆ ಸಂಶಯ ಬರಬೇಕಿತ್ತು.

ತಿಂಗಳ ಮೇಲೆ ಬಂದರು. ಇಬ್ಬರ ಬಿ.ಪಿ.ಯೂ ಇದ್ದಲ್ಲೇ ಇದೆ. ಗುಳಿಗೆ ತಪ್ಪಿಸಿದಿರಾ ಎಂದರೆ ಒಂದು ದಿನವೂ ಇಲ್ಲ ಅಂದರು.

"ಬಿಳೇದು ನಾನು, ಗುಲಾಬಿ ಇಕಿ," ಅಂದರು ಅಜ್ಜ. "ಸಂಸಾರದ ಗಾಡಿ ಒಂದ ಐತಲ್ರಿ. ಎತ್ತ ನಾವಿಬ್ರು."

೨. ಅಡಕೊತ್ತು

ಕೈಗೆ ಎರಡು ಗುಳಿಗೆ ಕೊಟ್ಟರೆ ತಾನೇ ಪಾಲು ಮಾಡಿಕೊಳ್ಳುವುದು? ಎರಡೂ ಔಷಧ ಒಂದರಲ್ಲೇ ಇರುವ ಗುಳಿಗೆ ಬರೆದೆ. ಒಂದು ಮೈ ಬಿಳಿ, ಇನ್ನೊಂದು ಮೈ ಗುಲಾಬಿ, ನೋಡಲಿಕ್ಕೂ ಚೆಂದ. ಇನ್ನು ಇವರು ಏನೂ ಮಾಡಲಾರರು ಎಂದು ನಿಶ್ಚಿಂತೆಯಿಂದ ಇದ್ದೆ.

ಮುಂದಿನ ಸಲ ಬಂದಾಗ ಆಯಿ, ದಿನಾ ಇದನ್ನು ಮಾಡಿ ಮಾಡಿ ಬೆರಳು ನೋಯುತ್ತದೆ ಎನ್ನುತ್ತ ಸಂಚಿಯಿಂದ ಅಡಿಕೆ ಕತ್ತರಿಸುವ ಅಡಕೊತ್ತನ್ನು ತೆಗೆದು ಮೇಜಿನ ಮೇಲಿಟ್ಟರು. ಏನಿದು ಎಂದೆ.

"ಬಿಸಲಿಗಿ ಎರಡೂ ಅಂಟಕೊಂಡ ಬಂದಾವ್ರಿ ಡಾಕ್ಟರ್ರ. ಬಿಡಿಸಿ ತಗೋಳಾಕತ್ತೀವಿ."

೩. ನೇಮ

ಅಂತೂ ಇಡೀ ಗುಳಿಗೆ ನುಂಗುವುದು ರೂಢಿಯಾಗಿ, ಆಯಿಯ ಬಿ.ಪಿ. ಹದಕ್ಕೆ ಬಂತು ಅನ್ನುವಷ್ಟರಲ್ಲಿ ಚಾತುರ್ಮಾಸ ಬಂತು. ಆಯಿ ಬಸದಿಯಲ್ಲಿ ಮುನಿಗಳ ಮುಂದೆ ನೇಮ ಹಿಡಿದರು. ದಿನಕ್ಕೆ ಐದೇ ಪದಾರ್ಥ: ರೊಟ್ಟಿ, ಬೇಳೆ, ಅನ್ನ, ಹಾಲು, ನೀರು. ಏನಾದರೂ ಸೇರಿಸಬೇಕೆಂದರೆ ಇನ್ನೊಂದನ್ನು ಬಿಡಬೇಕು. ಗಂಡನಿಗೂ ಐದರ ನೇಮವನ್ನೇ ಹಿಡಿಸಿದರು. ಊಟವೆಂದರೆ ಪ್ರಾಣ ಬಿಡುವ ಅಜ್ಜನ ಮುಖ ನೋಡಿದರೆ ನನಗೇ ಅಯ್ಯೋ ಅನ್ನಿಸುತ್ತಿತ್ತು.

ಗುಳಿಗೆ ಆರನೆಯದಾಯಿತು. ಆಯಿ ಬಿಟ್ಟೇಬಿಟ್ಟರು. ಆ ಸಲ ಅವರ ಬಿ.ಪಿ. ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಔಷಧಕ್ಕೆ ವಿನಾಯಿತಿ ಇರುತ್ತದೆ, ಮುನಿಗಳನ್ನೇ ಕೇಳಿ ಅಂದೆ. ಕೇಳಿದ್ದರಂತೆ, ತಗೋ ಎಂದು ಅವರೂ ಹೇಳಿದ್ದರಂತೆ. ಆಯಿಯೇ ಒಪ್ಪಿರಲಿಲ್ಲ. ಬಾಯೊಳಗೆ ಹೋದದ್ದೆಲ್ಲ ಲೆಕ್ಕಕ್ಕೆ ಬರಬೇಕು ಅನ್ನುವವರು ಅವರು. ಬೇಕಾದರೆ ಹಾಲು ಬಿಟ್ಟೇನು, ಆದರೆ ಇದರಲ್ಲಿ ಎರಡು ಔಷಧ ಇವೆಯೆಂದು ನೀವೇ ಹೇಳಿದ್ದೀರಿ, ಇನ್ನೊಂದರ ಸಲುವಾಗಿ ಬೇಳೆಯನ್ನೂ ಬಿಡಲೇನು ಎಂದು ಕೇಳಿದರು. ಅಕ್ಕನ ಗತಿ ನೆನಪು ಮಾಡಿಕೊಟ್ಟೆ. ಕಣ್ಣಲ್ಲಿ ನೀರು ಬಂತು, ನೇಮ ಸಡಿಲಲಿಲ್ಲ.

"ಆಯೀ, ಬ್ಯಾಳ್ಯಾಗ ಅರಿಷಿಣ, ಜೀರಗಿ, ಉಪ್ಪು, ಖಾರ ಎಲ್ಲಾ ಇರ್ತಾವಲ್ರಿ," ಅಂದೆ ಕೊನೆಗೆ. "ಅದನ್ನ ಎಷ್ಟಂತ ಎಣಸ್ತೀರಿ?"

ಆಯಿ ಯೋಚಿಸಿದರು. "ಒಂದ ರೀ. ಕೂಡಿದ ಮ್ಯಾಲ ಒಂದ."

"ಗುಳಿಗೀನೂ ಹಂಗ ನೋಡ್ರಿ."

ಅಲ್ಲೇ ಹಾಲು ಬಿಟ್ಟು ಗುಳಿಗೆಗೆ ಜಾಗ ಮಾಡಿಕೊಟ್ಟರು. ನನಗೆ ಹೋದ ಜೀವ ಬಂದಂತಾಯಿತು. ಪಕ್ಕದಲ್ಲಿ ಅಜ್ಜ ಎಂದೂ ಇಲ್ಲದಷ್ಟು ಲಕ್ಷ್ಯ ಕೊಟ್ಟು ನನ್ನ ಮಾತು ಕೇಳುತ್ತಿದ್ದರು.

ಮುಂದಿನ ಸಲ ಆಯಿಯ ಬಿ.ಪಿ. ಬಂಗಾರದಂತಿತ್ತು. ಅಜ್ಜನದು ಏರಿ ಕೂತಿತ್ತು. ಗುಳಿಗೆ ತಪ್ಪಿಲ್ಲ, ನೇಮವೂ ತಪ್ಪಿಲ್ಲ ಅಂದರು. ಮತ್ತೆ ತಿಂದದ್ದೇನು ಎಂದು ಕೇಳಿದರೆ ಅಜ್ಜ ಕಿಟಕಿಯ ಕಡೆ ನೋಡತೊಡಗಿದರು. ಆಯಿಯೇ ಹೇಳಿದರು. ರೊಟ್ಟಿ ಮುರಿದು, ಅದಕ್ಕೆ ಅನ್ನ, ಬೇಳೆ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಶೇಂಗಾ ಚಟ್ನಿಪುಡಿ ಎಲ್ಲ ಹಾಕಿ, ಮೇಲೆ ತುಪ್ಪ ಸುರಿದು, ಕಲಸಿ ಉಂಡೆ ಕಟ್ಟಿ ತಿನ್ನುತ್ತಾರಂತೆ. ಇದೇನು ಎಂದು ಕೇಳಿದರೆ ಡಾಕ್ಟರೇ ಅಪ್ಪಣೆ ಕೊಟ್ಟಿದ್ದಾರೆ ಅನ್ನುತ್ತಾರಂತೆ.

ಇಷ್ಟು ಉಪ್ಪು ಹೊಟ್ಟೆಗೆ ಹೋದರೆ ಯಾವ ಗುಳಿಗೆ ತಾನೆ ಏನು ಮಾಡೀತು ಎಂದು ನಾನು ರೇಗಿದೆ. ಅಜ್ಜ ತಣ್ಣಗೆ ನನ್ನ ಕಡೆ ತಿರುಗಿದರು.

"ಸಿಟ್ಟ ಆಗಬ್ಯಾಡ್ರಿ ಡಾಕ್ಟರ್ರ. ಗುಳಿಗಿ ಒಂದು, ನೀರ ಒಂದು, ಉಂಡಿ ಒಂದು. ಐದರಾಗ ನಂದ ಇನ್ನೂ ಎರಡ ಉಳದಾವ."